*ಮಗುವಿನ ಕೈಯಲ್ಲಿ ಮೊಬೈಲ್, ನಮ್ಮ ಕೈಯಲ್ಲಿ ಏನು?*



*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ, ತಾಯಂದಿರೇ,

ಈ ಸಂದೇಶವನ್ನು ನೀವು ಮೊಬೈಲಿನಲ್ಲೇ ಓದುತ್ತಿದ್ದೀರಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ನಮ್ಮ ಬಳಗದವರನ್ನೆಲ್ಲ ದಿನಾ ಒಂದೆಡೆ ಕೂಡಿಸುವುದೂ ಇದೇ ಮೊಬೈಲ್. ಹಾಗಾಗಿ ಇವತ್ತಿನ ಮಾತು ಮೊಬೈಲನ್ನು ಬೈಯುವುದಕ್ಕಲ್ಲ. ಆದರೆ ಅಧ್ಯಯನಕ್ಕೆ ಕೂತಾಗಲೆಲ್ಲ ತಾಯಂದಿರು ಒಂದೇ ಪ್ರಶ್ನೆ ಕೇಳುತ್ತಾರೆ: "ಹುಡುಗ್ರು ಮೊಬೈಲ್ ಬಿಡಲ್ಲಂತಾರ, ಏನ್ ಮಾಡ್ಬೇಕ್ರಿ?" ಈ ಪ್ರಶ್ನೆಗೆ ಧಮ್ಮದಲ್ಲಿ ಉತ್ತರವಿದೆಯೇ? ಇದೆ. ಸ್ವಲ್ಪ ನಿಧಾನವಾಗಿ ನೋಡೋಣ.

*1. ಮೊದಲು ಕಾರಣ ಹುಡುಕೋಣ*

ತಥಾಗತರು ನಮಗೆ ಕಲಿಸಿದ ದೊಡ್ಡ ಪಾಠ ಪಟಿಚ್ಚಸಮುಪ್ಪಾದ. ಯಾವುದೂ ತಾನಾಗಿ ಹುಟ್ಟುವುದಿಲ್ಲ, ಕಾರಣದಿಂದ ಹುಟ್ಟುತ್ತದೆ. ಕಾರಣ ಹೋದರೆ ಅದೂ ಹೋಗುತ್ತದೆ. "ನನ್ನ ಮಗನ ಹಣೆಬರಹವೇ ಹಿಂಗ" ಎನ್ನುವುದು ಬೌದ್ಧರ ಮಾತಲ್ಲ. ಹಾಗಾದರೆ ಮೊಬೈಲ್ ಮಗುವಿನ ಕೈಗೆ ಬಂದದ್ದು ಹೇಗೆ?

2020ರಲ್ಲಿ ಕೊರೊನಾ ಬಂದು ಶಾಲೆಗಳು ಬಾಗಿಲು ಹಾಕಿದವು. ಪಾಠ ಮೊಬೈಲಿಗೆ ಬಂತು. ತಮಗಾಗಿ ಎಂದೂ ದೊಡ್ಡ ಫೋನ್ ಕೊಳ್ಳದ ಕೂಲಿಕಾರ ಅಪ್ಪಂದಿರೂ ಮಕ್ಕಳ ಓದಿಗೆಂದು ಸಾಲ ಮಾಡಿ ತಂದರು. ಅಂದರೆ ನಮ್ಮ ಎಷ್ಟೋ ಮನೆಗಳಿಗೆ ಮೊಬೈಲ್ ಪುಸ್ತಕದ ರೂಪದಲ್ಲಿ ಬಂತು. ಶಾಲೆ ಮತ್ತೆ ತೆರೆದ ಮೇಲೆ ಪಾಠ ಶಾಲೆಗೆ ಹೋಯಿತು, ಮೊಬೈಲ್ ಮನೆಯಲ್ಲೇ ಉಳಿಯಿತು.

ಇನ್ನೂ ಕಾರಣಗಳಿವೆ. ಅವ್ವ ಹೊಲದಿಂದ ಬಂದು ಒಲೆ ಮುಂದೆ ಕೂತು ಇಪ್ಪತ್ತು ರೊಟ್ಟಿ ಬಡಿಯಬೇಕು. ಕಂಕುಳಲ್ಲಿರುವ ಕೂಸು ಅಳುತ್ತದೆ. ಫೋನ್ ಕೊಟ್ಟರೆ ಸುಮ್ಮನಾಗುತ್ತದೆ. ಅಪ್ಪ ಸಿಮೆಂಟ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಹಗಲು ಮಲಗಿದ್ದಾನೆ. ಒಂದೇ ಕೋಣೆಯ ಮನೆ. ಮಕ್ಕಳು ಗದ್ದಲ ಮಾಡಬಾರದು. ಅಲ್ಲಿಯೂ ಫೋನ್. ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಪರ್ಸಿ ಕಲ್ಲಿನ ಮೇಲೆ ಕಾಲಿಟ್ಟರೆ ಸುಡುತ್ತದೆ. ಮಧ್ಯಾಹ್ನವೆಲ್ಲ ಮಕ್ಕಳು ಒಳಗೇ ಇರಬೇಕು. ಮತ್ತೆ ಫೋನ್.

ಇದರಲ್ಲಿ ಯಾರ ಕೆಟ್ಟತನವೂ ಇಲ್ಲ. ಅದರಲ್ಲೂ ತಾಯಿಯ ತಪ್ಪೆಂದು ಹೇಳುವುದು ಅನ್ಯಾಯ. ಆದರೆ ಈ ಕಾರಣಗಳನ್ನೆಲ್ಲ ಒಂದು ಸಾಲಿಗೆ ಇಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಹಿರಿಯರು ಇರಬೇಕಾದ ಜಾಗ ಖಾಲಿ ಬಿದ್ದಾಗಲೆಲ್ಲ ಮೊಬೈಲ್ ಬಂದು ಕೂತಿದೆ. ಹಾಗಾದರೆ ಮೊಬೈಲ್ ಕಿತ್ತುಕೊಂಡರೆ ಜಾಗ ಮತ್ತೆ ಖಾಲಿಯಾಗುತ್ತದೆ ಅಷ್ಟೇ. ಮಗು ಅಳುತ್ತದೆ, ನಾವು ಸೋತು ಮತ್ತೆ ಕೊಡುತ್ತೇವೆ. ಜಾಗವನ್ನು ತುಂಬಬೇಕು. ಇವತ್ತಿನ ಚಿಂತನೆಯ ತಿರುಳು ಇಷ್ಟೇ.

*2. ಆರು ಪ್ರಾಣಿಗಳ ಕಥೆ*

ಸಂಯುತ್ತ ನಿಕಾಯದಲ್ಲಿ ಬುದ್ಧರು ಒಂದು ಹೋಲಿಕೆ ಹೇಳುತ್ತಾರೆ. ಒಬ್ಬನು ಆರು ಪ್ರಾಣಿಗಳನ್ನು ಹಿಡಿದು ತರುತ್ತಾನೆ: ಹಾವು, ಮೊಸಳೆ, ಹಕ್ಕಿ, ನಾಯಿ, ನರಿ, ಕೋತಿ. ಒಂದೊಂದಕ್ಕೂ ಹಗ್ಗ ಕಟ್ಟಿ, ಆರೂ ಹಗ್ಗಗಳನ್ನು ನಡುವೆ ಗಂಟು ಹಾಕಿ ಬಿಡುತ್ತಾನೆ. ಹಾವು ಹುತ್ತಕ್ಕೆ ಎಳೆಯುತ್ತದೆ, ಮೊಸಳೆ ನೀರಿಗೆ, ಹಕ್ಕಿ ಆಕಾಶಕ್ಕೆ, ನಾಯಿ ಊರಿಗೆ, ನರಿ ಸುಡುಗಾಡಿಗೆ, ಕೋತಿ ಕಾಡಿಗೆ. ಎಳೆದಾಡಿ ಎಳೆದಾಡಿ ದಣಿದ ಮೇಲೆ ಯಾವುದಕ್ಕೆ ಬಲ ಹೆಚ್ಚೋ ಅದರ ಹಿಂದೆ ಉಳಿದವೆಲ್ಲ ಹೋಗುತ್ತವೆ.

ಕಣ್ಣು, ಕಿವಿ, ಮೂಗು, ನಾಲಿಗೆ, ಮೈ, ಮನಸ್ಸು. ಈ ಆರೂ ಹಾಗೆಯೇ. ಎರಡೂವರೆ ಸಾವಿರ ವರ್ಷದ ಹಿಂದೆ ಹೇಳಿದ ಈ ಮಾತನ್ನು ಇವತ್ತು ಮೊಬೈಲ್ ಹಿಡಿದ ಮಗುವಿನ ಎದುರು ಕೂತು ನೆನೆಯಿರಿ. ಹದಿನೈದು ಸೆಕೆಂಡಿಗೆ ಒಂದು ನಗು, ಮುಂದಿನ ಹದಿನೈದು ಸೆಕೆಂಡಿಗೆ ಒಂದು ಜಗಳ, ಆಮೇಲೆ ಒಂದು ಹಾಡು, ಆಮೇಲೆ ಒಂದು ಸಾವು. ಬೆರಳು ಮೇಲಕ್ಕೆ ಸರಿಯುತ್ತಲೇ ಇರುತ್ತದೆ. ಒಂದು ವಿಡಿಯೊ ಮುಗಿಯುವ ಮೊದಲೇ ಇನ್ನೊಂದು ಸಿದ್ಧವಾಗಿ ನಿಂತಿರುತ್ತದೆ. ಇದು ಮಗುವಿನ ಚಟವೆಂದು ನಾವು ತಿಳಿಯುತ್ತೇವೆ. ಆದರೆ ಆ ಹಗ್ಗದ ಇನ್ನೊಂದು ತುದಿ ದೊಡ್ಡ ಕಂಪನಿಗಳ ಕೈಯಲ್ಲಿದೆ. ಮಗು ಎಷ್ಟು ಹೊತ್ತು ನೋಡುತ್ತದೋ ಅಷ್ಟು ಜಾಹೀರಾತು, ಅಷ್ಟು ದುಡ್ಡು. ಎಂಟು ವರ್ಷದ ಕೂಸಿನ ಮನಸ್ಸು ಒಂದು ಕಡೆ, ಸಾವಿರಾರು ಎಂಜಿನಿಯರುಗಳ ಬುದ್ಧಿ ಇನ್ನೊಂದು ಕಡೆ. ಈ ಎಳೆದಾಟದಲ್ಲಿ ಮಗುವನ್ನು ಒಂಟಿಯಾಗಿ ಬಿಟ್ಟು, ಸೋತಾಗ ಬೈಯುವುದು ಯಾವ ನ್ಯಾಯ?

ಬುದ್ಧರ ಹೋಲಿಕೆ ಅಲ್ಲಿಗೇ ಮುಗಿಯುವುದಿಲ್ಲ. ಆ ಹಗ್ಗಗಳನ್ನು ಒಂದು ಗಟ್ಟಿ ಗೂಟಕ್ಕೆ ಕಟ್ಟಿದರೆ? ಆಗಲೂ ಪ್ರಾಣಿಗಳು ಎಳೆಯುತ್ತವೆ. ಆದರೆ ದಣಿದ ಮೇಲೆ ಗೂಟದ ಹತ್ತಿರವೇ ಬಂದು ನಿಲ್ಲುತ್ತವೆ, ಕೂರುತ್ತವೆ, ಮಲಗುತ್ತವೆ. ಆ ಗೂಟವನ್ನು ಅವರು ಕಾಯಗತಾಸತಿ ಎಂದರು. ಮೈಯ ಮೇಲಿನ ಎಚ್ಚರ, ಇರುವಲ್ಲಿ ಇರುವ ಎಚ್ಚರ. ಪ್ರಾಣಿಗಳನ್ನು ಹೊಡೆಯಿರಿ ಎಂದು ಹೇಳಲಿಲ್ಲ. ಗೂಟ ನೆಡಿ ಎಂದರು. ಸಣ್ಣ ಮಕ್ಕಳಿಗೆ ಆ ಗೂಟವನ್ನು ತಾವೇ ನೆಟ್ಟುಕೊಳ್ಳಲು ಬರುವುದಿಲ್ಲ. ಮನೆಯವರು ನೆಡಬೇಕು.

*3. ಚಿತ್ರ ನೋಡುವುದು ತಪ್ಪೇ?*

ಕೆಲವರು ಕೇಳಬಹುದು, ಹಾಗಾದರೆ ಚಿತ್ರ, ಹಾಡು, ಕಥೆ ಎಲ್ಲ ಕೆಟ್ಟದ್ದೇ? ಅಲ್ಲ. ಇದಕ್ಕೆ ಉತ್ತರ ನಮ್ಮ ಚಿತ್ತಾಪುರ ತಾಲ್ಲೂಕಿನಲ್ಲೇ ಇದೆ.

ಭೀಮಾ ನದಿ ದಂಡೆಯ ಸನ್ನತಿ, ಅದರ ಪಕ್ಕದ ಕನಗನಹಳ್ಳಿ ನಿಮಗೆ ಗೊತ್ತು. ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಅಶೋಕನ ಶಾಸನದ ಕಲ್ಲು ಸಿಕ್ಕಿತು. ಆಮೇಲೆ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ಮಹಾಸ್ತೂಪವೇ ಹೊರಬಂತು. ಅದರ ಸುತ್ತ ಕಲ್ಲಿನ ಚಪ್ಪಡಿಗಳ ಮೇಲೆ ಬುದ್ಧರ ಬದುಕಿನ ಘಟನೆಗಳು, ಜಾತಕ ಕಥೆಗಳು. ರಾಣಿಯರ ಜೊತೆ ನಿಂತ ಅಶೋಕನ ಚಿತ್ರವೂ ಅಲ್ಲಿದೆ. ರಾಜ ಅಶೋಕ ಎಂದು ಬ್ರಾಹ್ಮಿ ಅಕ್ಷರದಲ್ಲಿ ಕೆತ್ತಿದ್ದಾರೆ. ಆ ಚಪ್ಪಡಿಗಳು ನಮ್ಮ ನೆಲದ ಸುಣ್ಣಕಲ್ಲು. ಇವತ್ತು ನಮ್ಮವರು ಗಣಿಗಳಲ್ಲಿ ಒಡೆಯುವ, ಸಿಮೆಂಟಿಗೂ ಪರ್ಸಿಗೂ ಹೋಗುವ ಕಲ್ಲಿನ ಜಾತಿಯದೇ.

ಅಂದರೆ ಎರಡು ಸಾವಿರ ವರ್ಷದ ಹಿಂದೆಯೇ ಧಮ್ಮವನ್ನು ಚಿತ್ರದಲ್ಲಿ ತೋರಿಸುವ ಜನ ನಮ್ಮ ನೆಲದಲ್ಲಿದ್ದರು. ಚಿತ್ರ ನಮಗೆ ವೈರಿಯಲ್ಲ. ಆದರೆ ಸ್ತೂಪದ ಚಿತ್ರಗಳನ್ನು ನೋಡುವ ರೀತಿ ಯೋಚಿಸಿ. ಚಿತ್ರ ನಿಂತಿರುತ್ತದೆ, ನೋಡುವವನು ನಡೆಯುತ್ತಾನೆ. ಬೇಕಾದಷ್ಟು ಹೊತ್ತು ನಿಂತು ನೋಡಬಹುದು. ಪಕ್ಕದಲ್ಲಿ ತಿಳಿದವರಿದ್ದರೆ "ಇವರು ಯಾರು? ಏನು ಮಾಡ್ತಿದ್ದಾರೆ?" ಎಂದು ಮಗು ಕೇಳಬಹುದು. ಮೊಬೈಲಿನಲ್ಲಿ ಮಗು ಕೂತೇ ಇರುತ್ತದೆ, ಚಿತ್ರ ಓಡುತ್ತದೆ. ಕೇಳುವುದಕ್ಕೆ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ದೀಘ ನಿಕಾಯದ ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಗೃಹಸ್ಥರಿಗೆ ಸಂಪತ್ತು ಸೋರಿಹೋಗುವ ಆರು ದಾರಿಗಳನ್ನು ಹೇಳುವಾಗ, ಹಗಲೂ ರಾತ್ರಿ ತಮಾಷೆ ನೋಡುತ್ತ ತಿರುಗುವುದನ್ನೂ ಸೇರಿಸುತ್ತಾರೆ. ಅಲ್ಲಿ ಅವರು ತೋರಿಸುವ ದೋಷ ಹಾಡಿನದ್ದಲ್ಲ, ಕುಣಿತದ್ದಲ್ಲ. ಈಗ ಎಲ್ಲಿ ಏನು ನಡೆದಿದೆ, ಮುಂದೇನು ಎಂದು ಹುಡುಕುತ್ತಲೇ ಇರುವ ಮನಸ್ಸಿನದ್ದು. ಆಗ ಊರೂರು ತಿರುಗಬೇಕಿತ್ತು. ಈಗ ಹಾಸಿಗೆಯಲ್ಲಿ ಮಲಗಿಯೇ ಬೆರಳಿನಲ್ಲಿ ತಿರುಗಬಹುದು. ಅದೇ ಪಟ್ಟಿಯಲ್ಲಿ ಜೂಜೂ ಇದೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು 2025ರಲ್ಲಿ ಸಂಸತ್ತು ಕಾನೂನು ಮಾಡಿತು. ಆದರೂ ಮನೆಯ ಹುಡುಗನ ಫೋನಿನಲ್ಲಿ ಏನಿದೆ ಎಂದು ಮನೆಯವರೇ ನೋಡಬೇಕು.

*4. ರಾಮಜೀ ಸಕ್ಪಾಲರು ಮಗನಿಗೆ ಕೊಟ್ಟದ್ದು*

ಈಗ ಬಾಬಾಸಾಹೇಬರ ಬಾಲ್ಯಕ್ಕೆ ಬರೋಣ. ಮುಂಬೈಯ ಪರೇಲಿನ ಚಾಳಿನಲ್ಲಿ ಒಂದು ಕೋಣೆ. ಅಡುಗೆ ಅಲ್ಲೇ, ಮಲಗುವುದು ಅಲ್ಲೇ, ಸಾಮಾನು ಅಲ್ಲೇ. ನಮ್ಮ ಎಷ್ಟೋ ಮನೆಗಳಿಗಿಂತ ಇಕ್ಕಟ್ಟು. "ನಮ್ಮ ಮನ್ಯಾಗ ಓದೋಕ ಜಾಗ ಎಲ್ಲದ?" ಎಂದು ಕೇಳುವವರು ಆ ಕೋಣೆಯನ್ನು ನೆನಪಿಸಿಕೊಳ್ಳಬೇಕು.

ತಂದೆ ಸುಬೇದಾರ್ ರಾಮಜೀ ಸಕ್ಪಾಲರು ಆ ಕೋಣೆಯಲ್ಲಿ ಮಾಡಿದ್ದೇನು? ಮಗ ಸಂಜೆ ಬೇಗ ಮಲಗಲಿ ಎಂದು ಬಿಟ್ಟು, ತಾವು ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಿದ್ದರು. ಎಲ್ಲರೂ ಮಲಗಿ ಕೋಣೆ ಶಾಂತವಾದ ಮೇಲೆ ಭೀಮರಾವನನ್ನು ಎಬ್ಬಿಸಿ ಓದಲು ಕೂರಿಸಿ, ಆಮೇಲೆ ತಾವು ಮಲಗುತ್ತಿದ್ದರು. ಪುಸ್ತಕಕ್ಕೆ ದುಡ್ಡು ಸಾಲದಿದ್ದಾಗ ಮದುವೆಯಾದ ಹೆಣ್ಣುಮಕ್ಕಳ ಹತ್ತಿರ ಹೋಗಿ ಸಾಲ ಕೇಳುತ್ತಿದ್ದರು. ಅವರ ಒಡವೆ ಒತ್ತೆಯಿಟ್ಟು ಪುಸ್ತಕ ತಂದದ್ದೂ ಉಂಟು.

ಈ ಕಥೆ ನಾವು ಏಪ್ರಿಲ್ 14ರಂದು ಪ್ರತಿ ವರ್ಷ ಹೇಳುತ್ತೇವೆ. ಕೇಳುವಾಗ ಪುಸ್ತಕದ ಮಾತು ನೆನಪಿನಲ್ಲಿ ಉಳಿಯುತ್ತದೆ, ಎಚ್ಚರವಿದ್ದ ತಂದೆ ಮರೆತುಹೋಗುತ್ತಾನೆ. ರಾಮಜೀಯವರು ಮಗನಿಗೆ "ಓದು" ಎಂದು ಹೇಳಿ ತಾವು ಮಲಗಲಿಲ್ಲ. ತಮ್ಮ ನಿದ್ದೆ ಕೊಟ್ಟರು. ಒಬ್ಬ ಹಿರಿಯರ ಎಚ್ಚರ ಆ ಹುಡುಗನ ಓದಿಗೆ ಗೂಟವಾಯಿತು. ಮುಂದೆ ಮರಾಠಿ ಲೇಖಕ ಕೃಷ್ಣಾಜಿ ಅರ್ಜುನ ಕೇಳುಸ್ಕರರು ಈ ಹುಡುಗನ ಓದಿನ ಆಸಕ್ತಿ ಗಮನಿಸಿ, ತಾವೇ ಬರೆದ ಬುದ್ಧ ಚರಿತ್ರೆಯನ್ನು ಅವನ ಕೈಗಿಟ್ಟರು. ಶಾಲಾ ಬಾಲಕನ ಕೈಗೆ ಬಂದ ಆ ಪುಸ್ತಕದಿಂದ 1956ರ ಅಕ್ಟೋಬರ್ 14ರ ನಾಗಪುರದ ದೀಕ್ಷಾಭೂಮಿಯವರೆಗೆ ಒಂದು ದಾರಿ ಇದೆ. ಇವತ್ತು ನಾವು ತ್ರಿಸರಣ ಹೇಳುತ್ತಿರುವುದು ಆ ದಾರಿಯಿಂದಲೇ. ಮಗುವಿನ ಕೈಗೆ ಯಾರು ಏನು ಕೊಡುತ್ತಾರೆ ಎನ್ನುವುದು ಸಣ್ಣ ಮಾತಲ್ಲ, ಬಂಧುಗಳೇ.

ಇನ್ನೊಂದು ಕಹಿ ಸತ್ಯ ಹೇಳಬೇಕು. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶದಲ್ಲಿ ನಮ್ಮ ಕಲಬುರಗಿ ಜಿಲ್ಲೆ ಶೇ 42.43 ಪಡೆದು ರಾಜ್ಯದಲ್ಲೇ ಕೊನೆಗೆ ನಿಂತಿತು. ನೂರರಲ್ಲಿ ಐವತ್ತೇಳಕ್ಕೂ ಹೆಚ್ಚು ಮಕ್ಕಳು ಪಾಸಾಗಲಿಲ್ಲ. ಇದಕ್ಕೆ ಮೊಬೈಲ್ ಒಂದೇ ಕಾರಣ ಎಂದು ಯಾರೂ ಹೇಳಲಾರರು. ಖಾಲಿ ಇರುವ ಶಿಕ್ಷಕರ ಹುದ್ದೆ, ಗುಳೆ ಹೋಗುವ ಕುಟುಂಬ, ಬಡತನ ಎಲ್ಲವೂ ಇವೆ. ಅವುಗಳಿಗೆ ಸಂಘಟಿತರಾಗಿ ಹೋರಾಡಲೇಬೇಕು, ಸರ್ಕಾರವನ್ನು ಕೇಳಲೇಬೇಕು. ಆದರೆ ಸಂಜೆ ಏಳರಿಂದ ಮಲಗುವವರೆಗಿನ ಹೊತ್ತು ಸರ್ಕಾರದ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ. ನಮ್ಮ ಮುತ್ಯಾ, ಆಯಿ ಅವರಿಗೆ ಅಕ್ಷರವನ್ನು ಬೇರೆಯವರು ತಡೆದರು. ಇವತ್ತು ನಮ್ಮ ಮಕ್ಕಳ ಅಕ್ಷರವನ್ನು ಯಾರೂ ಬಾಗಿಲಲ್ಲಿ ನಿಂತು ತಡೆಯುತ್ತಿಲ್ಲ. ಅದು ಸದ್ದಿಲ್ಲದೆ, ನಗುನಗುತ್ತಲೇ, ಬೆರಳಿನ ಸಂದಿಯಿಂದ ಜಾರಿ ಹೋಗುತ್ತಿದೆ.

ಪಂಚಶೀಲದ ಐದನೆಯ ಶೀಲವನ್ನು ನಾವು ಸಾರಾಯಿಗೆ ಮಾತ್ರ ಹೊಂದಿಸುತ್ತೇವೆ. ಆ ಶೀಲ ಹೇಳುವುದು ಅಮಲಿನ ವಸ್ತುಗಳ ಬಗ್ಗೆಯೇ, ನಿಜ. ಆದರೆ ಅವು ಏಕೆ ಬೇಡ? ಪಮಾದಕ್ಕೆ, ಅಂದರೆ ಎಚ್ಚರಗೇಡಿತನಕ್ಕೆ ಎಡೆಯಾಗುತ್ತವೆ ಎಂದು. ಮೈಮರೆಸುವ ಯಾವುದನ್ನೇ ಆಗಲಿ ಆ ಕಾರಣದಿಂದ ಅಳೆದು ನೋಡಬೇಕು. ಮನೆಯಲ್ಲಿ ಸೀಸೆ ಇಲ್ಲ ಎಂದು ಸಮಾಧಾನಪಟ್ಟರೆ ಸಾಲದು. ಮನೆಯಲ್ಲಿ ಎಚ್ಚರ ಇದೆಯೇ ಎಂದು ಕೇಳಿಕೊಳ್ಳಬೇಕು.

*5. ರಾಹುಲನಿಗೆ ಹೇಳಿದ ರೀತಿ*

ಮಗುವಿಗೆ ತಿಳಿಸುವುದು ಹೇಗೆ? ತಂದೆಯಾಗಿ ಬುದ್ಧರು ರಾಹುಲನಿಗೆ ಹೇಗೆ ತಿಳಿಸಿದರೋ ಹಾಗೆ. ಮಜ್ಝಿಮ ನಿಕಾಯದ ಅಂಬಲಟ್ಠಿಕ ರಾಹುಲೋವಾದ ಸುತ್ತದಲ್ಲಿ ಇದು ಬರುತ್ತದೆ. ಆಗ ರಾಹುಲ ಏಳು ವರ್ಷದ ಹುಡುಗ ಎಂದು ಅಟ್ಠಕಥೆ ಹೇಳುತ್ತದೆ. ಬುದ್ಧರು ಕಾಲು ತೊಳೆದ ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿ ತೋರಿಸಿದರು. ಚೆಲ್ಲಿದರು. ಪಾತ್ರೆಯನ್ನು ಮಗುಚಿದರು. ಮತ್ತೆ ಎತ್ತಿ ಖಾಲಿಯಾದದ್ದನ್ನು ತೋರಿಸಿದರು. ಸುಳ್ಳು ಹೇಳಲು ನಾಚದವರ ಬದುಕು ಹೀಗೆ ಎಂದು ಆ ಪಾತ್ರೆಯಿಂದಲೇ ತಿಳಿಸಿದರು. ದನಿ ಏರಿಸಲಿಲ್ಲ. ಕೈಗೆ ಸಿಕ್ಕ ಪಾತ್ರೆಯೇ ಪಾಠವಾಯಿತು.

ಆಮೇಲೆ ಕನ್ನಡಿಯ ಮಾತು ಬರುತ್ತದೆ. ಕನ್ನಡಿ ನೋಡಿಕೊಳ್ಳುವ ಹಾಗೆ, ಯಾವ ಕೆಲಸವನ್ನೂ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೋ ಎನ್ನುತ್ತಾರೆ. ನಮ್ಮ ಮಕ್ಕಳಿಗೆ ಇದನ್ನೇ ಮೂರು ಪ್ರಶ್ನೆಯಾಗಿ ಕಲಿಸಬಹುದು:

▪️ ಫೋನ್ ತೆಗೆದುಕೊಳ್ಳುವ ಮೊದಲು: ಯಾವ ಕೆಲಸಕ್ಕೆ ಬೇಕು? ಎಷ್ಟು ಹೊತ್ತು?
▪️ ನೋಡುವಾಗ: ನಾನು ನೋಡಬೇಕೆಂದು ಬಂದದ್ದನ್ನೇ ನೋಡುತ್ತಿದ್ದೇನಾ, ಬೇರೆ ಎಲ್ಲೋ ಹೋದೆನಾ?
▪️ ಇಟ್ಟ ಮೇಲೆ: ಕಣ್ಣು ಹೇಗಿದೆ? ಮನಸ್ಸು ಹಗುರಾಗಿದೆಯಾ, ಸಿಟ್ಟು ಬರುತ್ತಿದೆಯಾ?

ಉತ್ತರ ನಾವು ಹೇಳಿಕೊಡಬಾರದು. ಮಗು ತಾನೇ ಹೇಳಲಿ. "ಬರೇ ಹತ್ತು ನಿಮಿಷ ಅಂದಿದ್ದೆ, ಒಂದು ತಾಸಾಯ್ತು" ಎಂದು ಮಗು ತಾನಾಗಿ ಕಂಡುಕೊಂಡ ದಿನ ನಿಮ್ಮ ನೂರು ಬೈಗುಳದ ಕೆಲಸ ಮುಗಿದಂತೆ. ಆದರೆ ಇದಕ್ಕೆ ಒಂದು ಷರತ್ತು. ಈ ಮೂರು ಪ್ರಶ್ನೆ ಮಗುವೂ ನಮಗೆ ಕೇಳಬಹುದು. ಅಪ್ಪ ಊಟ ಮಾಡುತ್ತ ರೀಲ್ಸ್ ನೋಡಿದರೆ, ಅವ್ವ ಧಾರಾವಾಹಿ ಮುಗಿಯುವವರೆಗೆ ಏಳದಿದ್ದರೆ, ಮಗು ನಮ್ಮ ಮಾತು ಬಿಟ್ಟು ನಮ್ಮ ನಡತೆಯನ್ನು ಕಲಿಯುತ್ತದೆ.

*6. ಬೇರೆ ಊರವರು ಮಾಡಿ ತೋರಿಸಿದ್ದಾರೆ*

ಇದು ಆಗದ ಮಾತೇನಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ 7 ಗಂಟೆಗೆ ಸೈರನ್ ಕೂಗುತ್ತದೆ. ಅಲ್ಲಿಂದ 8.30ರವರೆಗೆ ಟಿ.ವಿ., ಮೊಬೈಲ್ ಬಂದ್. ಕೊರೊನಾ ಕಾಲದ ಆನ್‌ಲೈನ್ ಪಾಠದ ನಂತರ ಮಕ್ಕಳು ಫೋನ್ ಬಿಡದಾದಾಗ ಊರಿನ ಹೆಂಗಸರೇ ಸಭೆಯಲ್ಲಿ ಕೂತು ನಿರ್ಧಾರ ಮಾಡಿದರು. ಮೊದಮೊದಲು ಮನೆಮನೆಗೆ ಹೋಗಿ ನೆನಪು ಮಾಡಬೇಕಾಯಿತು. ಆಮೇಲೆ ರೂಢಿಯಾಯಿತು. ನಮ್ಮದೇ ರಾಜ್ಯದ ಬೆಳಗಾವಿ ಹತ್ತಿರದ ಹಲಗಾ ಗ್ರಾಮದಲ್ಲೂ ಸಂಜೆ 7ರಿಂದ 9ರವರೆಗೆ ಹೀಗೆಯೇ ಮಾಡುವ ನಿರ್ಧಾರವಾಯಿತು.

ಇಲ್ಲಿ ಗಮನಿಸಬೇಕಾದದ್ದು ಸೈರನ್ ಅಲ್ಲ. ಒಂದೇ ಮನೆ ಮಾಡಿದರೆ ಮಗು "ಪಕ್ಕದ ಮನಿಯವರು ನೋಡ್ತಾರ, ನನಗ್ಯಾಕ ಇಲ್ಲ?" ಎನ್ನುತ್ತದೆ. ಓಣಿ ಕೂಡಿ ಮಾಡಿದರೆ ಆ ಮಾತು ಬರುವುದಿಲ್ಲ. ಸಂಘವೆಂದರೆ ಇದೇ. ಒಬ್ಬರಿಗೆ ಕಷ್ಟವಾದದ್ದು ಕೂಡಿದರೆ ಸುಲಭ.

*7. ನಮ್ಮ ಮನೆಯ "ದೀಪದ ಹೊತ್ತು"*

ಆದ್ದರಿಂದ ಬಳಗದ ಮುಂದೆ ಒಂದು ಸಣ್ಣ ಅಭ್ಯಾಸ ಇಡುತ್ತಿದ್ದೇವೆ. ದಿನಕ್ಕೆ ಒಂದು ತಾಸು. ಸಂಜೆ ದೀಪ ಹಚ್ಚುವ ಹೊತ್ತು ಆಗಬಹುದು. ಪಾಳಿ ಕೆಲಸದವರು ತಮಗೆ ಹೊಂದುವ ತಾಸು ಆರಿಸಿಕೊಳ್ಳಲಿ. ಆದರೆ ದಿನಾ ಅದೇ ತಾಸು ಇರಲಿ.

▪️ ಆ ಹೊತ್ತಿಗೆ *ಮನೆಯ ಎಲ್ಲ* ಫೋನುಗಳು ಒಂದು ಬುಟ್ಟಿಗೆ. ಅಪ್ಪನ ಫೋನ್ ಮೊದಲು. ಬುಟ್ಟಿ ಬುದ್ಧರ, ಬಾಬಾಸಾಹೇಬರ ಫೋಟೊ ಕೆಳಗೆ ಇರಲಿ. ಟಿ.ವಿ. ಬಂದ್.
▪️ ಎಲ್ಲರೂ ಕೂತು ತ್ರಿಸರಣ, ಪಂಚಶೀಲ ಹೇಳಿ, ಎರಡು ಮೂರು ನಿಮಿಷ ಉಸಿರನ್ನು ಗಮನಿಸುತ್ತ ಸುಮ್ಮನೆ ಕೂರುವುದು. ಸಣ್ಣ ಮಕ್ಕಳು ಅಲುಗಾಡಿದರೆ ಗದರಬೇಡಿ.
▪️ ಇಪ್ಪತ್ತು ನಿಮಿಷ ಗಟ್ಟಿಯಾಗಿ ಓದುವುದು. ಶಾಲೆಯ ಪಾಠವಾಗಲಿ, ಬಾಬಾಸಾಹೇಬರ ಜೀವನ ಚರಿತ್ರೆಯಾಗಲಿ, ಜಾತಕ ಕಥೆಯಾಗಲಿ. ಓದು ಬಾರದ ಅವ್ವ, ಆಯಿ ಇದ್ದರೆ ಅವರೇ ಮುಖ್ಯ ಕೇಳುಗರು. "ಓದು ತಮ್ಮಾ, ನನಗ ಓದಾಕ ಬರಲ್ಲ, ನಿನ್ನ ಬಾಯಿಂದ ಕೇಳತೀನಿ" ಎಂದು ಅವ್ವ ಹೇಳಿದರೆ ಮಗುವಿಗೆ ತನ್ನ ಓದಿನ ಬೆಲೆ ತಿಳಿಯುತ್ತದೆ. ಇದಕ್ಕೆ ಡಿಗ್ರಿ ಬೇಡ, ದುಡ್ಡು ಬೇಡ.
▪️ ಉಳಿದ ಹೊತ್ತು ಮನೆಗೆಲಸದ ಲೆಕ್ಕ, ಮಾತು, ಮುತ್ಯಾ ಹೇಳುವ ಹಳೆಯ ಹೋರಾಟದ ಕಥೆ, ಚೌಕಾಬಾರಾ. ಮಗು ರೊಟ್ಟಿ ಹಿಟ್ಟು ನಾದಿದರೂ ಸರಿ, ತೊಗರಿಬೇಳೆ ಆರಿಸಿದರೂ ಸರಿ.

ಇದರ ಜೊತೆ ಎರಡು ನಿಯಮ: ಊಟದ ತಟ್ಟೆ ಮುಂದೆ ಫೋನ್ ಇಲ್ಲ. ಮಲಗುವ ಹಾಸಿಗೆಗೆ ಫೋನ್ ಇಲ್ಲ. ಎರಡು ವರ್ಷದೊಳಗಿನ ಕೂಸಿಗಂತೂ ಫೋನ್ ತೋರಿಸಿ ಉಣ್ಣಿಸುವುದನ್ನು ಬಿಡಲೇಬೇಕು. ಒಂದು ವರ್ಷದ ಕೂಸುಗಳಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಮೊದಲ ವಾರ ಮಕ್ಕಳು ಅಳುತ್ತಾರೆ, ಸಿಡುಕುತ್ತಾರೆ, ಉಣ್ಣಲ್ಲ ಎನ್ನುತ್ತಾರೆ. ಆರು ಪ್ರಾಣಿಗಳನ್ನು ನೆನಪಿಸಿಕೊಳ್ಳಿ. ಗೂಟಕ್ಕೆ ಕಟ್ಟಿದ ಹೊಸದರಲ್ಲೇ ಎಳೆತ ಜೋರು. ಗೂಟ ಅಲುಗಾಡದಿದ್ದರೆ ಸಾಕು.

*8. ನಾಲ್ಕು ಎಚ್ಚರಿಕೆ ಮಾತು*

ಒಂದು: ಹೊಡೆಯಬೇಡಿ, ಎಲ್ಲರ ಮುಂದೆ ಅವಮಾನ ಮಾಡಬೇಡಿ. ಮೈತ್ರಿ ಇಲ್ಲದ ಶಿಸ್ತು ಧಮ್ಮವಲ್ಲ.

ಎರಡು: ಮಗಳಿಗೊಂದು ನಿಯಮ, ಮಗನಿಗೊಂದು ನಿಯಮ ಬೇಡ. ಕೆಲವು ಮನೆಗಳಲ್ಲಿ ಹುಡುಗ ರಾತ್ರಿ ಹನ್ನೆರಡರವರೆಗೆ ನೋಡುತ್ತಾನೆ, ಹುಡುಗಿಯ ಫೋನ್ ಮಾತ್ರ ಕಿತ್ತುಕೊಳ್ಳುತ್ತಾರೆ. ಅದು ಮಕ್ಕಳ ಹಿತವಲ್ಲ, ಹೆಣ್ಣಿನ ಮೇಲಿನ ಕಾವಲು. ಹೆಣ್ಣುಮಕ್ಕಳ ಪ್ರಗತಿಯಿಂದಲೇ ಸಮಾಜದ ಪ್ರಗತಿಯನ್ನು ಅಳೆದ ಬಾಬಾಸಾಹೇಬರ ಮನೆಯವರು ನಾವು. ಕಾಲೇಜು ಓದುವ ಮಗಳಿಗೆ ಅರ್ಜಿ, ಸ್ಕಾಲರ್‌ಶಿಪ್, ಪಾಠ ಎಲ್ಲಕ್ಕೂ ಫೋನ್ ಬೇಕು. ಬುಟ್ಟಿ ಎಲ್ಲರಿಗೂ ಒಂದೇ.

ಮೂರು: ಚಿಂಚೋಳಿ ಕಡೆಯ ಎಷ್ಟೋ ಮನೆಗಳಲ್ಲಿ ಅಪ್ಪ ಮುಂಬೈ, ಪುಣೆ, ಹೈದರಾಬಾದಿನಲ್ಲಿ ದುಡಿಯುತ್ತಾನೆ. ಕೂಸಿಗೆ ಅಪ್ಪನ ಮುಖ ಕಾಣುವುದೇ ವಿಡಿಯೊ ಕಾಲ್‌ನಲ್ಲಿ. ಅದನ್ನು ಯಾರೂ ಕಡಿಮೆ ಮಾಡಬೇಡಿ. ಅಲ್ಲಿ ಖಾಲಿ ಜಾಗವನ್ನು ಅಪ್ಪನೇ ತುಂಬುತ್ತಿದ್ದಾನೆ. ದೂರದಲ್ಲಿರುವ ಅಪ್ಪಂದಿರೇ, ಆ ಕಾಲ್‌ನಲ್ಲಿ "ಉಂಡಿಯಾ?" ಎಂದು ಕೇಳಿ ಬಿಡಬೇಡಿ. "ಇವತ್ತು ಏನ್ ಓದಿದಿ? ಒಂದ್ ಪುಟ ಓದಿ ತೋರಿಸು" ಎನ್ನಿ.

ನಾಲ್ಕು: ಒಂಟಿಯಾಗಿ ದುಡಿಯುವ ತಾಯಿಯ ಮನೆಯಲ್ಲಿ ಒಂದು ತಾಸು ಕೂರುವುದೂ ಕಷ್ಟ. ಅಂಥ ಮಕ್ಕಳಿಗಾಗಿ ನಮ್ಮ ವಿಹಾರ, ಅಂಬೇಡ್ಕರ್ ಭವನದ ಬಾಗಿಲು ಸಂಜೆ ತೆರೆದಿರಲಿ. ಓದಿದ ಯುವಕ ಯುವತಿಯರು ಸರದಿ ಮೇಲೆ ಒಂದೊಂದು ದಿನ ಬಂದು ಕೂತರೆ ಸಾಕು. ಜಯಂತಿಗೆ ಧ್ವನಿವರ್ಧಕಕ್ಕೆ ಕೊಡುವ ಪಟ್ಟಿಯಲ್ಲಿ ಸ್ವಲ್ಪ ಉಳಿಸಿದರೆ ಚಾಪೆ, ಬಲ್ಬು, ಹತ್ತಾರು ಪುಸ್ತಕ ಬರುತ್ತವೆ.

*ಇಂದಿನ ಸಂಕಲ್ಪ*

ಇವತ್ತು ಸಂಜೆ ಒಂದು ತಾಸು ನಮ್ಮ ಮನೆಯ ಫೋನುಗಳೆಲ್ಲ ಬುಟ್ಟಿಯಲ್ಲಿ ಇರುತ್ತವೆ. ನಾನು ನನ್ನ ಮಗುವಿನ ಪಕ್ಕದಲ್ಲಿ ಇರುತ್ತೇನೆ.

ಏಳು ದಿನ ಮಾಡಿ ನೋಡಿ. ಈ ಭಾನುವಾರದ ಅಧ್ಯಯನಕ್ಕೆ ಬರುವಾಗ ಮಕ್ಕಳನ್ನೂ ಕರೆತನ್ನಿ. ಯಾವ ಮನೆಯಲ್ಲಿ ಏನು ಕಷ್ಟವಾಯಿತು, ಏನು ಸುಲಭವಾಯಿತು ಎಂದು ಮಕ್ಕಳ ಬಾಯಿಂದಲೇ ಕೇಳೋಣ. ಬಿಸಿಲು ಇಳಿದ ಮೇಲೆ ಒಂದು ದಿನ ಎಲ್ಲ ಕೂಡಿ ಸನ್ನತಿ, ಕನಗನಹಳ್ಳಿಗೆ ಹೋಗಿ ಆ ಕಲ್ಲಿನ ಚಿತ್ರಗಳನ್ನು ಮಕ್ಕಳ ಕೈ ಹಿಡಿದು ನಿಧಾನವಾಗಿ ನೋಡಿ ಬರೋಣ.

ನಾಳೆಯ ಚಿಂತನೆ ನಾಳೆ ಬೆಳಿಗ್ಗೆ. ಅಲ್ಲಿಯವರೆಗೆ ಇದನ್ನು ನಿಮ್ಮ ಓಣಿಯ ಗುಂಪಿಗೆ ಕಳಿಸಿ. ಕಳಿಸಿದ ಮೇಲೆ ಫೋನ್ ಕೆಳಗಿಟ್ಟು ಮಗುವನ್ನು ಹೆಸರು ಹಿಡಿದು ಕರೆಯಿರಿ.

ಎಲ್ಲರಿಗೂ ಮಂಗಳವಾಗಲಿ. ಎಲ್ಲ ಮಕ್ಕಳೂ ಎಚ್ಚರದಲ್ಲಿ ಬೆಳೆಯಲಿ.

ಸಾಧು! ಸಾಧು! ಸಾಧು!

ಜೈ ಭೀಮ್ 🙏 ನಮೋ ಬುದ್ಧಾಯ